ಪದವಿ ತರಗತಿಯ ಸಂಶೋಧನೆ: ಕಾಸರಗೋಡಿನ ವಿದ್ಯಾರ್ಥಿಗೊಂದು ಮಾರ್ಗದರ್ಶಿ

ಪದವಿಯ ಕೊನೆಯ ಸೆಮಿಸ್ಟರುಗಳಲ್ಲಿ ಕಿರುಪ್ರಬಂಧದ ಮಾತು ಬಂದ ಕೂಡಲೇ ವಿದ್ಯಾರ್ಥಿಗಳು ನನ್ನ ಮೇಜಿನ ಮುಂದೆ ತಂದಿಡುವ ಶೀರ್ಷಿಕೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ‘ಕಾಸರಗೋಡಿನ ಸಂಸ್ಕೃತಿ’, ‘ಗಡಿನಾಡ ಕನ್ನಡ: ಒಂದು ಅಧ್ಯಯನ’, ‘ಯಕ್ಷಗಾನ: ಅಂದು, ಇಂದು’. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಒಬ್ಬ ವಿದ್ಯಾರ್ಥಿ ನಾಲ್ಕು ತಿಂಗಳಲ್ಲಿ, ಬಸ್ಸಿನ ಖರ್ಚನ್ನು ತಾನೇ ಹೊತ್ತು, ಉಳಿದ ಪಾಠಗಳ ನಡುವೆ ಇಂಥ ಶೀರ್ಷಿಕೆಯೊಂದಕ್ಕೆ ನ್ಯಾಯ ಒದಗಿಸುವುದು ಆಗದ ಮಾತು. ಕೊನೆಗೆ ಆಗುವುದೇನೆಂದರೆ, ನಾಲ್ಕು ಪುಸ್ತಕಗಳ ಮಾತುಗಳನ್ನು ಹೊಂದಿಸಿ ಅರುವತ್ತು ಪುಟ ತುಂಬಿಸಲಾಗುತ್ತದೆ, ಬೈಂಡಿಂಗ್ ಆಗುತ್ತದೆ, ವಿಭಾಗದ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಈಗ ಸಂದರ್ಭ ಸ್ವಲ್ಪ ಬದಲಾಗಿದೆ. 2024-25ರಿಂದ ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿದ್ದು, ನಮ್ಮ ಜಿಲ್ಲೆಯ ಕಾಲೇಜುಗಳು ಸೇರಿರುವ ಕಣ್ಣೂರು ವಿಶ್ವವಿದ್ಯಾನಿಲಯವೂ ಆ ಕ್ರಮಕ್ಕೆ ಬಂದಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2022ರ ಕೊನೆಯಲ್ಲಿ ಹೊರಡಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯ ಹಾದಿಯನ್ನು ಆರಿಸಿಕೊಳ್ಳಬಹುದು. ಪ್ರಬಂಧಕ್ಕೆ 12 ಕ್ರೆಡಿಟ್. ಆಯಾ ವಿಶ್ವವಿದ್ಯಾನಿಲಯದ ನಿಯಮಗಳಲ್ಲಿ ಲೆಕ್ಕ ಸ್ವಲ್ಪ ಬೇರೆಯಾಗುವುದುಂಟು, ಆದ್ದರಿಂದ ಕ್ರೆಡಿಟ್, ಪುಟಮಿತಿ ಮತ್ತು ಪ್ರಬಂಧವನ್ನು ಯಾವ ಭಾಷೆಯಲ್ಲಿ ಬರೆಯಬಹುದು ಎಂಬ ಮೂರನ್ನು ಮೊದಲ ವಾರದಲ್ಲೇ ವಿಭಾಗದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮೂರನೆಯದನ್ನು ಕೇಳಲು ಮರೆತವರೇ ಕೊನೆಯಲ್ಲಿ ಹೆಚ್ಚು ಕಷ್ಟಪಡುವುದನ್ನು ಕಂಡಿದ್ದೇನೆ.

ವಿಷಯದಿಂದ ಪ್ರಶ್ನೆಗೆ

ವಿಷಯ ಬೇರೆ, ಪ್ರಶ್ನೆ ಬೇರೆ. ‘ಸುರಂಗ’ ಒಂದು ವಿಷಯ. ಹೊರಗಿನವರಿಗೆ ಈ ಶಬ್ದ ಕೇಳಿದರೆ ಕೋಟೆಯ ಗುಪ್ತದಾರಿ ನೆನಪಾದೀತು. ನಮಗೆ ಅದು ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದು ಒಸರುವ ನೀರನ್ನು ಅಂಗಳದ ತೊಟ್ಟಿಗೆ ತರುವ ಜಲಮೂಲ. ಕಾಸರಗೋಡಿನ ಉತ್ತರ ಭಾಗದಲ್ಲೂ ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಗ್ರಾಮಗಳಲ್ಲೂ ಇವು ಇನ್ನೂ ಬಳಕೆಯಲ್ಲಿವೆ. ‘ಕಾಸರಗೋಡಿನ ಸುರಂಗಗಳು’ ಎಂದು ಹೊರಟರೆ ನೀವು ಪಟ್ಟಿ ಮಾಡುತ್ತೀರಿ. ‘ಎಣ್ಮಕಜೆ ಪಂಚಾಯತಿನ ಒಂದು ವಾರ್ಡಿನಲ್ಲಿ ಕೊಳವೆಬಾವಿ ಬಂದ ಮೇಲೆ, ಒಂದೇ ಸುರಂಗದ ನೀರನ್ನು ಹಂಚಿಕೊಳ್ಳುತ್ತಿದ್ದ ಮನೆಗಳ ನಡುವಿನ ಕಟ್ಟುಪಾಡು ಹೇಗೆ ಬದಲಾಯಿತು?’ ಎಂದು ಕೇಳಿದರೆ ನೀವು ಸಂಶೋಧನೆ ಮಾಡುತ್ತೀರಿ, ಏಕೆಂದರೆ ಇದಕ್ಕೆ ಉತ್ತರ ಈಗಾಗಲೇ ಯಾವ ಪುಸ್ತಕದಲ್ಲೂ ಸಿದ್ಧವಾಗಿ ಕುಳಿತಿಲ್ಲ, ಆದರೆ ಹತ್ತು ಮನೆಗಳ ಅಂಗಳದಲ್ಲಿ ಕುಳಿತರೆ ಸಿಗುತ್ತದೆ.

ಅದೇ ಸುರಂಗವನ್ನು ಬೇರೆ ಬೇರೆ ಶಾಸ್ತ್ರಗಳ ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಕೇಳುತ್ತಾರೆ. ಚರಿತ್ರೆಯವರು ತೋಡಿದವರು ಯಾರು, ಕೂಲಿಯನ್ನು ಯಾವ ಲೆಕ್ಕದಲ್ಲಿ ಕೊಡುತ್ತಿದ್ದರು ಎಂದು ಕೇಳಿಯಾರು. ಅರ್ಥಶಾಸ್ತ್ರದವರಿಗೆ ಕೊಳವೆಬಾವಿಯ ಖರ್ಚಿನೊಡನೆ ಹೋಲಿಕೆ ಬೇಕು. ಸಮಾಜಶಾಸ್ತ್ರದವರು ನೀರು ತುಂಬಿಸುವ ಸರದಿಯಲ್ಲಿ ಜಾತಿಯ ಪಾತ್ರವನ್ನು ನೋಡಬೇಕು. ಭಾಷೆಯ ವಿದ್ಯಾರ್ಥಿಗೆ ಸುರಂಗ ತೋಡುವ ಕೆಲಸದ ಶಬ್ದಗಳೇ ಒಂದು ಪ್ರಬಂಧಕ್ಕೆ ಸಾಕು. ಸಾಹಿತ್ಯದ ವಿದ್ಯಾರ್ಥಿಗೆ ಸುರಂಗ ಬೇಡವಾದರೆ, ವೇಷ-ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಇದೆ: ಒಂದೇ ಪ್ರಸಂಗದ ಎರಡು ಕೂಟಗಳಲ್ಲಿ ಒಬ್ಬನೇ ಅರ್ಥಧಾರಿ (ಪಾತ್ರದ ಮಾತಾಡುವವನು) ಎದುರಾಳಿ ಬದಲಾದಾಗ ತನ್ನ ಪಾತ್ರದ ವಾದವನ್ನು ಹೇಗೆ ಬದಲಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಎರಡು ಧ್ವನಿಮುದ್ರಣಗಳು ಸಾಕು, ಊರೂರು ತಿರುಗಬೇಕಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಹುಟ್ಟಿ ಬೆಳೆದವರು ಈ ಬಗೆಯ ಪ್ರಶ್ನೆಯನ್ನು ಬಿಟ್ಟು ‘ಯಕ್ಷಗಾನದ ಉಗಮ ಮತ್ತು ವಿಕಾಸ’ದ ಹಿಂದೆ ಹೋಗುವುದೇಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಪ್ರಶ್ನೆ ಸಿಕ್ಕಿತು ಎನ್ನಿಸಿದ ಮೇಲೆ ಅದನ್ನು ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ಮೂರು ಸಂಗತಿಗಳನ್ನು ದಾಖಲಿಸಿ: ಇದಕ್ಕೆ ಉತ್ತರ ಬಲ್ಲವರು ಯಾರು, ಅಥವಾ ಯಾವ ಕಡತದಲ್ಲಿದೆ, ಅಲ್ಲಿಗೆ ನಾನು ಬೆಳಿಗ್ಗೆ ಹೋಗಿ ಸಂಜೆ ಮರಳಬಹುದೇ, ಯಾವ ಉತ್ತರ ಬಂದರೆ ನನ್ನ ಈಗಿನ ಊಹೆ ತಪ್ಪೆಂದಾಗುತ್ತದೆ. ಮೂರನೆಯದು ನಮ್ಮೂರಿನವರಿಗೆ ವಿಶೇಷವಾಗಿ ಬೇಕು. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ರಾಜ್ಯ ಪುನರ್ವಿಂಗಡಣೆ ಇಲ್ಲಿ ಇನ್ನೂ ಆರದ ಗಾಯ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ, ಗಡಿವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿಯ ಮಾತು ಮನೆಮನೆಯಲ್ಲಿ ಇಂದಿಗೂ ಬರುತ್ತದೆ. ಆ ಭಾವನೆಯಿಂದಲೇ ಅನೇಕರು ಕನ್ನಡ ಮಾಧ್ಯಮದ ಶಾಲೆಗಳನ್ನು ಕುರಿತು ಬರೆಯಲು ಮುಂದಾಗುತ್ತಾರೆ, ಮತ್ತು ಉತ್ತರವನ್ನು ಮೊದಲೇ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಶಾಲೆಯ ಗೇಟಿನ ಬಳಿ ನಿಂತು ಕೇಳಿದಾಗ, ಮಗುವನ್ನು ಕನ್ನಡದಿಂದ ಬಿಡಿಸಿದ್ದು ಇಂಗ್ಲಿಷ್ ಮಾಧ್ಯಮದ ಆಸೆಯಿಂದ ಎಂದು ತಾಯಿಯೊಬ್ಬರು ಹೇಳಿದರೆ, ಅದನ್ನು ಬರೆದುಕೊಳ್ಳುವ ಮನಸ್ಸು ನಿಮಗಿರಬೇಕು. ಮಲಯಾಳ ವಿಭಾಗದ ಅಧ್ಯಾಪಕರನ್ನೂ ಮಾತಾಡಿಸಬೇಕು. ಸಂಕಟ ಪಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅದನ್ನು ಮುನ್ನುಡಿಯಲ್ಲಿ ಎರಡು ಸಾಲಿನಲ್ಲಿ ಹೇಳಿ, ಅಧ್ಯಾಯಗಳಿಂದ ದೂರವಿಡಿ.

ಕಾಲದ ಲೆಕ್ಕ

ಹದಿನಾರು ವಾರ ಕೈಯಲ್ಲಿದೆ ಎಂದುಕೊಳ್ಳಿ. ಪ್ರಶ್ನೆಗೆ ಎರಡು, ಓದಿಗೆ ಮೂರು, ಕ್ಷೇತ್ರಕಾರ್ಯಕ್ಕೆ ನಾಲ್ಕು, ಧ್ವನಿಯನ್ನು ಅಕ್ಷರಕ್ಕಿಳಿಸಲು ಎರಡು, ಬರೆಯಲು ನಾಲ್ಕು, ತಿದ್ದಲು ಒಂದು. ಇದರಲ್ಲಿ ಎಲ್ಲರೂ ಕಡಿಮೆ ಅಂದಾಜು ಮಾಡುವುದು ಅಕ್ಷರಕ್ಕಿಳಿಸುವ ಕೆಲಸವನ್ನು. ಒಂದು ಗಂಟೆಯ ಮಾತನ್ನು ಬರೆದುಕೊಳ್ಳಲು ನನಗೆ ಐದಾರು ಗಂಟೆ ಬೇಕು. ಮುಕ್ಕಾಲು ಗಂಟೆಯ ಎಂಟು ಸಂದರ್ಶನಗಳೆಂದರೆ ಆರು ಗಂಟೆಯ ಧ್ವನಿ, ಅಂದರೆ ಮೂವತ್ತಕ್ಕೂ ಹೆಚ್ಚು ಗಂಟೆಗಳ ಬರೆವಣಿಗೆ. ಇಪ್ಪತ್ತೈದು ಸಂದರ್ಶನ ಮಾಡುತ್ತೇನೆಂದು ಹೊರಡುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಇನ್ನೊಂದು ಪಂಚಾಂಗವೂ ಇದೆ. ತುಳು ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಭಾಗಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಮತ್ತೆ ಆರಂಭವಾಗುವುದು ದೀಪಾವಳಿಯ ಆಸುಪಾಸಿನಲ್ಲಿ. ಭೂತಾರಾಧನೆಯನ್ನೋ ತೆಯ್ಯವನ್ನೋ ಕಣ್ಣಾರೆ ಕಂಡು ಬರೆಯಬೇಕೆಂದಿರುವವರು ಜೂನ್‌ನಲ್ಲಿ ವಿಷಯ ಒಪ್ಪಿಸಿ ಸೆಪ್ಟೆಂಬರಿನಲ್ಲಿ ಮುಗಿಸುತ್ತೇನೆಂದರೆ ನಡೆಯದು. ಆ ಅವಧಿಯಲ್ಲಿ ಕಲಾವಿದರು ಮನೆಯಲ್ಲಿರುತ್ತಾರೆ, ಸಮಾಧಾನದಿಂದ ಮಾತಿಗೆ ಸಿಗುತ್ತಾರೆ. ಪ್ರಶ್ನೆಯನ್ನು ಆ ಕಡೆಗೆ ತಿರುಗಿಸಿಕೊಳ್ಳುವುದು ಜಾಣತನ.

ಓದು ಮತ್ತು ಕಡತ

ನಿಮ್ಮ ಪ್ರಶ್ನೆಯ ಹತ್ತಿರದ ಕೆಲಸವನ್ನು ಯಾರಾದರೂ ಮಾಡಿದ್ದಾರೆಯೇ ಎಂದು ತಿಳಿಯಲು ಮೊದಲು ನಿಮ್ಮ ಕಾಲೇಜಿನ ಗ್ರಂಥಾಲಯ, ಆಮೇಲೆ ಭಾರತದ ಪಿಎಚ್.ಡಿ. ಪ್ರಬಂಧಗಳನ್ನು ಉಚಿತವಾಗಿ ತೆರೆದಿಟ್ಟಿರುವ ಶೋಧಗಂಗಾ. ಕಾಸರಗೋಡು ಸರಕಾರಿ ಕಾಲೇಜು 1957ರಲ್ಲಿ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು 1980ರಲ್ಲಿ ಆರಂಭವಾದವು. ಇಂಥ ಹಳೆಯ ಕಾಲೇಜುಗಳ ವಿಭಾಗಗಳಲ್ಲಿ ಹಿಂದಿನ ವಿದ್ಯಾರ್ಥಿಗಳ ಕಿರುಪ್ರಬಂಧಗಳು ಸಿಕ್ಕಿದರೆ ಅವನ್ನು ಹಗುರವಾಗಿ ಕಾಣಬೇಡಿ. ಇಪ್ಪತ್ತು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ಮದಕಗಳ (ಕೆರೆಗಳ) ಪಟ್ಟಿ ಮಾಡಿಟ್ಟಿದ್ದರೆ, ಇಂದು ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಹೋಗಿ ನೋಡುವುದೇ ಒಂದು ಸೊಗಸಾದ ಪ್ರಬಂಧವಾಗುತ್ತದೆ.

ಹಳೆಯ ಮುದ್ರಿತ ಆಕರಗಳಲ್ಲಿ ಅನೇಕವು ಇಂಟರ್‌ನೆಟ್ ಆರ್ಕೈವಿನಲ್ಲಿವೆ. 1800-01ರಲ್ಲಿ ಈ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಸ್ಟರಕ್ ಸಿದ್ಧಪಡಿಸಿದ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿಯ ಮೊದಲ ಸಂಪುಟ 1894ರದು. ಇವನ್ನು ಓದುವಾಗ ಬರೆದವರು ಯಾರಿಗಾಗಿ ಬರೆದರೆಂಬುದನ್ನು ಮರೆಯಬಾರದು. ಕಂದಾಯ ವಸೂಲಿಯ ಕಣ್ಣಿನಿಂದ ನೋಡಿದವರಿಗೆ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳು ಚೆನ್ನಾಗಿ ಕಂಡವು. ಆ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಟ್ಟ ಹೆಂಗಸರ ಮಾತು ಅವರ ಕಿವಿಗೆ ಬೀಳಲಿಲ್ಲ.

ಅಪ್ರಕಟಿತ ಕಡತಗಳ ವಿಚಾರದಲ್ಲಿ ಕಾಸರಗೋಡಿನ ವಿದ್ಯಾರ್ಥಿಯ ಪಾಡು ಉಳಿದವರದ್ದಲ್ಲ. ನಾವು 1799ರಿಂದ 1956ರ ತನಕ ಮದ್ರಾಸಿನ ಆಡಳಿತದಲ್ಲಿದ್ದೆವು. ಕೆನರಾ ಜಿಲ್ಲೆ ಒಡೆದ ಮೇಲೆ ದಕ್ಷಿಣ ಕೆನರಾದ ಒಂದು ತಾಲೂಕಾಗಿ ಮಂಗಳೂರಿನ ಕಲೆಕ್ಟರರ ಕೈಕೆಳಗಿದ್ದೆವು. ಆಮೇಲೆ ಕೇರಳದಲ್ಲಿ ಕಣ್ಣೂರು ಜಿಲ್ಲೆಯ ಭಾಗವಾಗಿ, ಕೊನೆಗೆ 1984ರ ಮೇ 24ರಂದು ಬೇರೆ ಜಿಲ್ಲೆಯಾದೆವು. ಕಡತಗಳೂ ಇದೇ ದಾರಿಯಲ್ಲಿ ಚದುರಿವೆ. ಹತ್ತೊಂಬತ್ತನೆಯ ಶತಮಾನದ ಸರಕಾರಿ ಪತ್ರವ್ಯವಹಾರ ಬೇಕಾದರೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, 1956ರ ಬಳಿಕದ್ದಕ್ಕೆ ಕೇರಳದ ಪತ್ರಾಗಾರ ಇಲಾಖೆ. ಅದರ ಪ್ರಾದೇಶಿಕ ಕಚೇರಿ ನಮಗೆ ಹತ್ತಿರವೆಂದರೆ ಕೋಝಿಕ್ಕೋಡಿನಲ್ಲಿದೆ. ಪದವಿ ವಿದ್ಯಾರ್ಥಿಗೆ ಚೆನ್ನೈಗೆ ಹೋಗಿ ಹದಿನೈದು ದಿನ ಕೂರುವುದು ಸಾಧ್ಯವಾಗದ ಮಾತಾದ್ದರಿಂದ, ಸ್ಥಳೀಯವಾಗಿ ಸಿಗುವುದರ ಮೇಲೆ ಪ್ರಶ್ನೆಯನ್ನು ಕಟ್ಟಿರಿ: ಶಾಲೆಯ ಹಾಜರಿ ಮತ್ತು ಪ್ರವೇಶ ಪುಸ್ತಕಗಳು, ಸಹಕಾರಿ ಸಂಘದ ವರದಿಗಳು, ಯುವಕ ಸಂಘಗಳ ಸಭಾ ನಡಾವಳಿ, ಮನೆಯ ಪೆಟ್ಟಿಗೆಯಲ್ಲಿರುವ ಗೇಣಿಚೀಟುಗಳು, ಜಾಗದ ಆಧಾರ ಪತ್ರಗಳು. ಕಚೇರಿಯ ದಾಖಲೆ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಆದರೆ ಅರ್ಜಿ ಹಾಕುವ ಮೊದಲು ವಿಲೇಜ್ ಆಫೀಸಿಗೆ ಕಾಲೇಜಿನ ಪತ್ರ ಹಿಡಿದು ಹೋಗಿ ವಿನಯದಿಂದ ಕೇಳಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸವಾಗುತ್ತದೆ.

ಓದಿದ ಪ್ರತಿಯೊಂದಕ್ಕೂ ಒಂದು ಪುಟದ ಟಿಪ್ಪಣಿ ಇರಲಿ. ಲೇಖಕ, ವರ್ಷ, ಪುಟಸಂಖ್ಯೆಗಳನ್ನು ಆಗಲೇ ಬರೆದುಕೊಳ್ಳಿ. ಝೊಟೆರೊ ಎಂಬ ಉಚಿತ ತಂತ್ರಾಂಶ ಇದಕ್ಕೆ ನೆರವಾಗುತ್ತದೆ, ನೋಟ್ ಪುಸ್ತಕವೂ ಆದೀತು. ಚಾಟ್‌ಜಿಪಿಟಿಯಂಥವನ್ನು ಕೇಳಿ ಆಕರಗಳ ಪಟ್ಟಿ ತಯಾರಿಸುವವರಿಗೆ ಒಂದೇ ಮಾತು: ಅದು ಇಲ್ಲದ ಪುಸ್ತಕಗಳ ಹೆಸರನ್ನೂ ಬಹಳ ಧೈರ್ಯದಿಂದ ಹೇಳುತ್ತದೆ. ಕೈಯಲ್ಲಿ ಹಿಡಿದು ನೋಡದ ಪುಸ್ತಕ ನಿಮ್ಮ ಪಟ್ಟಿಯಲ್ಲಿರಬಾರದು.

ಅಂಗಳಕ್ಕೆ ಹೋಗುವ ಮುನ್ನ

ಒಬ್ಬರ ಮನೆಗೆ ಹೋಗಿ ಪ್ರಶ್ನೆ ಕೇಳುವ ಹಕ್ಕು ನಿಮಗೆ ಕಾಲೇಜಿನ ಗುರುತುಚೀಟಿಯಿಂದ ಬರುವುದಿಲ್ಲ. ನೀವು ಯಾರು, ಯಾಕೆ ಕೇಳುತ್ತಿದ್ದೀರಿ, ಬರೆದದ್ದನ್ನು ಯಾರು ಓದುತ್ತಾರೆ, ಉತ್ತರ ಕೊಡದಿದ್ದರೂ ಯಾವ ತೊಂದರೆಯೂ ಇಲ್ಲ ಎಂಬುದನ್ನು ಅವರಾಡುವ ಭಾಷೆಯಲ್ಲಿ ಹೇಳಬೇಕು. ಫೋನಿನಲ್ಲಿ ಧ್ವನಿ ಹಿಡಿಯುವುದಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಪಡೆದು, ಆ ಒಪ್ಪಿಗೆಯ ಮಾತನ್ನೇ ಧ್ವನಿಮುದ್ರಣದ ಮೊದಲ ವಾಕ್ಯವಾಗಿಸಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಇದು ಮರ್ಯಾದೆಯ ಕ್ರಮ. ಕಾಗದಕ್ಕೆ ಸಹಿ ಎಂದ ಕೂಡಲೇ ಜಾಗದ ವಿಚಾರವೆಂದು ಗಾಬರಿಯಾಗುವವರು ನಮ್ಮಲ್ಲಿ ಬಹಳ.

ಕೆಲವು ಊರುಗಳು ಪ್ರಶ್ನೆಗಳಿಂದ ಬಸವಳಿದಿವೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಗ್ರಾಮಗಳಿಗೆ ವೈದ್ಯರು, ಪತ್ರಕರ್ತರು, ಸಮಿತಿಗಳು, ವಿದ್ಯಾರ್ಥಿಗಳು ಲೆಕ್ಕವಿಲ್ಲದಷ್ಟು ಸಲ ಹೋಗಿಬಂದಿದ್ದಾರೆ. ಅಂಥ ಒಂದು ಊರಿಗೆ ನನ್ನೊಡನೆ ಬಂದ ವಿದ್ಯಾರ್ಥಿಯನ್ನು ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ತಲೆಯಿಂದ ಕಾಲಿನವರೆಗೆ ನೋಡಿ, “ಎಂತ ಮಗಾ, ಬರೆದುಕೊಂಡು ಹೋಗ್ಲಿಕ್ಕೆ ಬಂದದ್ದಾ? ಬರೆದುಕೊಂಡು ಹೋದವರು ತುಂಬ ಜನ ಉಂಟು. ತಿರುಗಿ ಬಂದವರು ಇಲ್ಲ” ಎಂದರು. ಹುಡುಗ ಪುಸ್ತಕವನ್ನು ಚೀಲಕ್ಕೆ ಹಾಕಿದ. ಆ ದಿನ ನಾವು ಮಜ್ಜಿಗೆ ಕುಡಿದು, ಅಡಕೆ ಸುಲಿಯುವುದನ್ನು ನೋಡಿ ಹಿಂದಿರುಗಿದೆವು. ಅವನು ತನ್ನ ಪ್ರಶ್ನೆಯನ್ನೇ ಬದಲಿಸಿಕೊಂಡು, 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧ ಬಂದಾಗ ಕನ್ನಡ ಮತ್ತು ಮಲಯಾಳ ಪತ್ರಿಕೆಗಳು ಅದನ್ನು ಹೇಗೆ ವರದಿ ಮಾಡಿದವೆಂದು ನೋಡಿದ. ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಮಕ್ಕಳು, ಕಾಯಿಲೆಯವರು, ಕೊರಗ ಸಮುದಾಯದಂತೆ ಬಹುಕಾಲ ಇತರರ ಕುತೂಹಲಕ್ಕೆ ಗುರಿಯಾದವರು ನಿಮ್ಮ ಅಧ್ಯಯನದಲ್ಲಿ ಬರುವುದಾದರೆ ಮಾರ್ಗದರ್ಶಕರೊಡನೆ ಎರಡು ಸಲ ಚರ್ಚಿಸದೆ ಹೊರಡಬೇಡಿ.

ಹೆಸರು ಬದಲಿಸಿದರೆ ಗುರುತು ಮರೆಯಾಯಿತೆಂದು ತಿಳಿಯಬೇಡಿ. ‘ಆ ವಾರ್ಡಿನ ನಿವೃತ್ತ ಪೋಸ್ಟ್‌ಮ್ಯಾನ್’ ಎಂದು ಬರೆದರೆ ಊರಿಗೆ ಊರೇ ಹೆಸರು ಹೇಳುತ್ತದೆ. ಉದ್ಯೋಗ, ಮನೆತನ, ಜಾಗದ ಹೆಸರು ಇವುಗಳಲ್ಲಿ ಯಾವುದು ನಿಮ್ಮ ವಾದಕ್ಕೆ ಬೇಡವೋ ಅದನ್ನು ಬಿಡಿ.

ಆಡಿದ ಮಾತು ಆಡಿದಂತೆ

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ. ಸಪ್ತಭಾಷೆಗಳ ಊರೆಂದು ನಾವು ವೇದಿಕೆಗಳ ಮೇಲೆ ಹೇಳಿಕೊಳ್ಳುತ್ತೇವೆ. ಪ್ರಬಂಧಗಳನ್ನು ತೆರೆದರೆ ಎಲ್ಲರೂ ಅಚ್ಚುಕಟ್ಟಾದ ಗ್ರಂಥಸ್ಥ ಕನ್ನಡದಲ್ಲಿ ಮಾತಾಡುತ್ತಿರುತ್ತಾರೆ. ತುಳುವಿನಲ್ಲಿ, ಬ್ಯಾರಿಯಲ್ಲಿ, ಹವ್ಯಕದಲ್ಲಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ, ಮಲಯಾಳದಲ್ಲಿ ಕೇಳಿದ ಮಾತನ್ನು ವಿದ್ಯಾರ್ಥಿ ಅಲ್ಲೇ, ಕೇಳಿದ ಕ್ಷಣದಲ್ಲೇ, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ಬರೆದುಕೊಂಡಿರುತ್ತಾನೆ. ಅಲ್ಲಿಗೆ ಮೂಲ ಮಾತು ಹೋಯಿತು. ತಿರುಗಿಸಿದ್ದು ಸರಿಯೇ ಎಂದು ಪರೀಕ್ಷಿಸುವ ದಾರಿಯೂ ಹೋಯಿತು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಪದವಿ ಓದುವಾಗ ನಮ್ಮೂರ ಗದ್ದೆಗಳ ಬಗ್ಗೆ ಬರೆಯಲು ಹೋಗಿ, ಒಬ್ಬ ಅಜ್ಜಿಯಲ್ಲಿ ಬೇಸಾಯದ ವಿಚಾರ ಕೇಳಿದ್ದೆ. ಅವರು ತುಳುವಿನಲ್ಲಿ, “ಸುಗ್ಗಿ ಬುಡ್ದ್ ಇರ್ವ ವರ್ಸ ಆಂಡ್” ಎಂದರು. ನಾನು ನನ್ನ ಪುಸ್ತಕದಲ್ಲಿ, ‘ಸುಗ್ಗಿಯ ಆಚರಣೆ ನಿಂತು ಇಪ್ಪತ್ತು ವರ್ಷವಾಯಿತು’ ಎಂದು ಕನ್ನಡದಲ್ಲಿ ಬರೆದೆ. ಪಠ್ಯಪುಸ್ತಕದ ಕನ್ನಡದಲ್ಲಿ ಸುಗ್ಗಿಯೆಂದರೆ ಕೊಯ್ಲಿನ ಹಬ್ಬ ತಾನೇ? ಆ ಒಂದು ಸಾಲಿನ ಮೇಲೆ ಜನಪದ ಆಚರಣೆಗಳ ಅವನತಿಯ ಕುರಿತು ಹನ್ನೊಂದು ಪುಟ ಬರೆದು ಒಪ್ಪಿಸಿದೆ. ನನ್ನ ಗುರುಗಳು ಓದಿ, ಕನ್ನಡಕ ತೆಗೆದು, “ನಿಮ್ಮ ಮನೆಯಲ್ಲಿ ಗದ್ದೆ ಉಂಟಲ್ಲ ಮಾರಾಯ, ಏಣೆಲು ಆದ ಮೇಲೆ ಯಾವ ಬೆಳೆ?” ಎಂದು ಕೇಳಿದರು. ಏಣೆಲು, ಸುಗ್ಗಿ, ಕೊಳಕೆ: ಮಳೆಗಾಲದ ಮೊದಲ ಬೆಳೆ, ಅದರ ಬಳಿಕದ ಎರಡನೆಯದು, ನೀರಿದ್ದರೆ ಬೇಸಗೆಯ ಮೂರನೆಯದು. ಅಜ್ಜಿ ಹೇಳಿದ್ದು ಹಬ್ಬದ ವಿಚಾರವಲ್ಲ, ಎರಡನೆಯ ಬೆಳೆ ಬಿಟ್ಟ ವಿಚಾರ. ಮತ್ತೆ ಹೋಗಿ ಕೇಳಿದಾಗ, ತೋಡಿಗೆ (ಹಳ್ಳಕ್ಕೆ) ಕಟ್ಟ (ಒಡ್ಡು) ಕಟ್ಟುವವರಿಲ್ಲದೆ ನೀರು ನಿಲ್ಲದಾದದ್ದು, ಕೂಲಿಗೆ ಜನ ಸಿಗದಾದದ್ದು, ಪಕ್ಕದ ಗದ್ದೆಯವರು ಅಡಕೆ ಹಾಕಿದ್ದು ಒಂದೊಂದಾಗಿ ಹೊರಬಂತು. ನಿಜವಾದ ಪ್ರಬಂಧ ಅಲ್ಲಿತ್ತು. ನನ್ನ ಹನ್ನೊಂದು ಪುಟಗಳಲ್ಲಿರಲಿಲ್ಲ.

ಆದ್ದರಿಂದ ಟಿಪ್ಪಣಿ ಪುಸ್ತಕದ ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಎಡಗಡೆ ಅವರು ಆಡಿದ ಮಾತು ಆಡಿದ ಭಾಷೆಯಲ್ಲೇ. ನಡುವೆ ನಿಮಗೆ ಅರ್ಥವಾದದ್ದು ಕನ್ನಡದಲ್ಲಿ. ಬಲಗಡೆ ಸಂಶಯ, ಅಂದರೆ ಯಾವ ಶಬ್ದವನ್ನು ಮತ್ತೊಬ್ಬರಲ್ಲಿ ಕೇಳಬೇಕು ಎಂಬುದು. ಕನ್ನಡ ಲಿಪಿಯಲ್ಲೇ ಬರೆದುಕೊಂಡರೆ ಸಾಕು, ಆದರೆ ಲಿಪಿಯ ಮಿತಿಯನ್ನು ತಿಳಿದಿರಬೇಕು. ತುಳುವಿನಲ್ಲಿ ‘ಮಲ್ಪುವೆ’ ಎಂದರೆ ‘ನಾನು ಮಾಡುತ್ತೇನೆ’ ಎಂದೂ ಆಗುತ್ತದೆ, ‘ಅವನು ಮಾಡುತ್ತಾನೆ’ ಎಂದೂ ಆಗುತ್ತದೆ. ಬಾಯಲ್ಲಿ ಕೊನೆಯ ಸ್ವರ ಬೇರೆ ಬೇರೆ, ಬರೆವಣಿಗೆಯಲ್ಲಿ ಎರಡೂ ಒಂದೇ. ಸಾಲ ತೀರಿಸಿದ್ದು ಯಾರು, ಜಾಗ ಬಿಟ್ಟುಕೊಟ್ಟದ್ದು ಯಾರು ಎಂಬಂಥ ಕಡೆ ಇದು ಸಣ್ಣ ವ್ಯತ್ಯಾಸವಲ್ಲ. ನಾನು ‘ನಾನು’ ರೂಪದ ಕೊನೆಯ ಅಕ್ಷರದ ಕೆಳಗೆ ಒಂದು ಗೆರೆ ಎಳೆಯುತ್ತೇನೆ. ನೀವು ನಿಮ್ಮದೇ ಗುರುತು ಮಾಡಿಕೊಂಡು ಅದನ್ನು ಪುಸ್ತಕದ ಮೊದಲ ಪುಟದಲ್ಲಿ ವಿವರಿಸಿಡಿ. ಮಲಯಾಳದ ಮಳೆ ಮತ್ತು ಹೊಳೆಯ ಶಬ್ದಗಳನ್ನು ಬರೆಯುವಾಗ ನಮ್ಮ ಹಳಗನ್ನಡದ ೞ ಅಕ್ಷರ ಒದಗಿಬರುತ್ತದೆ: ಮೞ, ಪುೞ. ಕನ್ನಡ ಎಂದೋ ಬಿಟ್ಟ ಈ ಅಕ್ಷರ ಯೂನಿಕೋಡಿನಲ್ಲಿ ಇದೆ, ಕಂಪ್ಯೂಟರಿನಲ್ಲೂ ಮೂಡುತ್ತದೆ. ಹಳಗನ್ನಡದ ತರಗತಿಯಲ್ಲಿ ಇದನ್ನು ಯಾಕೆ ಕಲಿಯಬೇಕೆಂದು ಕೇಳುತ್ತಿದ್ದವರಿಗೆ ನಾನು ಈಗ ಕೊಡುವ ಉತ್ತರ ಇದು.

ಕಾನೂನು ಮತ್ತು ಕಂದಾಯದ ಶಬ್ದಗಳಲ್ಲಿ ಇನ್ನೂ ಎಚ್ಚರ ಬೇಕು. ಮೂಲಗೇಣಿ, ಚಾಲಗೇಣಿಗಳನ್ನು ಒಟ್ಟಾಗಿ ‘ಗೇಣಿ’ ಎಂದು ಬರೆದರೆ, ತಲೆಮಾರುಗಳ ಕಾಲ ಎಬ್ಬಿಸಲಾಗದ ಒಕ್ಕಲನ್ನೂ ಬೇಕೆಂದಾಗ ಎಬ್ಬಿಸಬಹುದಾಗಿದ್ದ ಒಕ್ಕಲನ್ನೂ ಒಂದೇ ತಟ್ಟೆಯಲ್ಲಿ ತೂಗಿದಂತಾಗುತ್ತದೆ. ವರ್ಗ ಜಮೀನಿಗೆ (ಕಂದಾಯ ಕಟ್ಟುವ ಖಾಸಗಿ ಹಿಡುವಳಿಗೆ) ತಾಗಿ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ‘ಕುಮ್ಕಿ’ ಹಕ್ಕು ಹಳೆಯ ದಕ್ಷಿಣ ಕೆನರಾದ್ದು. ಮಲಬಾರಿನ ಭೂಮಿ ಪದ್ಧತಿಯಲ್ಲಿ ಅದಕ್ಕೆ ಸರಿಸಾಟಿಯಾದ ಶಬ್ದ ಹುಡುಕಿ ಬರೆಯಲು ಹೋಗಬೇಡಿ. ಶಬ್ದವನ್ನು ಹಾಗೆಯೇ ಇಟ್ಟು, ಮೊದಲ ಸಲ ಬಂದಲ್ಲಿ ಎರಡು ವಾಕ್ಯದ ವಿವರಣೆ ಕೊಡಿ.

ನಿಮಗೆ ಬಾರದ ಭಾಷೆಯವರ ಮನೆಗೆ ಹೋಗುವಾಗ ಜತೆಗೆ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗುವುದು ಸಹಜ. ಹಾಗಾದರೆ ಪ್ರಬಂಧದಲ್ಲಿ ಅದನ್ನು ಹೇಳಿ: ಇಂಥ ಸಂದರ್ಶನ ಬ್ಯಾರಿಯಲ್ಲಿ ನಡೆಯಿತು, ನಡುವೆ ತಿಳಿಸಿಕೊಟ್ಟವರಿದ್ದರು, ಧ್ವನಿಯನ್ನು ಆಮೇಲೆ ಮತ್ತೊಬ್ಬರು ಕೇಳಿ ಪರಿಶೀಲಿಸಿದರು. ಇದರಿಂದ ನಿಮ್ಮ ಕೆಲಸದ ಬೆಲೆ ಕಡಿಮೆಯಾಗುವುದಿಲ್ಲ. ಓದುಗನಿಗೆ ಎಲ್ಲಿ ನಂಬಬೇಕು, ಎಲ್ಲಿ ತಡೆಯಬೇಕು ಎಂದು ತಿಳಿಯುತ್ತದೆ.

ಎಣಿಕೆ

ತರಗತಿಯ ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಕಳುಹಿಸಿ ಬಂದ ಉತ್ತರಗಳಿಂದ ‘ಕಾಸರಗೋಡಿನ ಯುವಜನರ ಅಭಿಪ್ರಾಯ’ ತಿಳಿಯುವುದಿಲ್ಲ, ನಿಮ್ಮ ಗೆಳೆಯರ ಅಭಿಪ್ರಾಯ ತಿಳಿಯುತ್ತದೆ. ಹದಿನೈದು ಜನರನ್ನು ಕೇಳಿದ್ದರೆ ಐದು ಮಂದಿ ಎಂದು ಬರೆಯಿರಿ, ಶೇ. 33.33 ಎಂದು ಬರೆಯಬೇಡಿ; ದಶಮಾಂಶ ಬಿಂದು ಇಟ್ಟ ಮಾತ್ರಕ್ಕೆ ಶಾಸ್ತ್ರವಾಗದು.

ಜನಗಣತಿಯ ಭಾಷಾ ಕೋಷ್ಟಕಗಳನ್ನು ಬಳಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. 2011ರ ಗಣತಿ ಜನರು ಹೇಳಿದ ಮಾತೃಭಾಷೆಗಳಲ್ಲಿ ದೇಶದಲ್ಲಿ ಕನಿಷ್ಠ 10,000 ಮಂದಿ ಆಡುವವನ್ನು ಮಾತ್ರ ಪ್ರತ್ಯೇಕವಾಗಿ ತೋರಿಸಿ, ಅವುಗಳನ್ನು ಗುಂಪುಗೂಡಿಸಿ 121 ಭಾಷೆಗಳೆಂದು ಕೊಟ್ಟಿದೆ. ಮನೆಯಲ್ಲಿ ಹವ್ಯಕ ಆಡಿ ಗಣತಿಯವರಿಗೆ ಕನ್ನಡ ಎಂದು ಹೇಳಿದವರು ಕನ್ನಡಿಗರಾಗಿಯೇ ಲೆಕ್ಕಕ್ಕೆ ಬಂದಿರುತ್ತಾರೆ. ಎರಡನೆಯದು ಗಡಿಯ ವಿಚಾರ: 1951ರ ಗಣತಿಯ ಕಾಸರಗೋಡು ತಾಲೂಕು ಇಂದಿನ ಕಾಸರಗೋಡು ತಾಲೂಕಲ್ಲ. ಹೊಸದುರ್ಗ ಬೇರೆಯಾಯಿತು, ಇತ್ತೀಚೆಗೆ ಮಂಜೇಶ್ವರ ಮತ್ತು ವೆಳ್ಳರಿಕುಂಡು ತಾಲೂಕುಗಳಾದವು. ತಾಲೂಕಿನ ಹೆಸರು ನೋಡಿ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನುವ ಮೊದಲು ಗ್ರಾಮಗಳ ಪಟ್ಟಿಯನ್ನು ತಾಳೆ ನೋಡಿ.

ಬರೆಯುವುದು, ತೋರಿಸುವುದು

ಪೀಠಿಕೆಯಿಂದ ಬರೆಯಲು ಕೂತವರು ಪೀಠಿಕೆಯಲ್ಲೇ ಉಳಿಯುತ್ತಾರೆ. ನಿಮಗೆ ಅತ್ಯಂತ ಚೆನ್ನಾಗಿ ಗೊತ್ತಿರುವ ಒಂದು ಸಂದರ್ಶನ ಅಥವಾ ಒಂದು ಕಡತದಿಂದ ಆರಂಭಿಸಿ ನಡುವಿನ ಅಧ್ಯಾಯವನ್ನು ಮೊದಲು ಬರೆಯಿರಿ. ಪೀಠಿಕೆ ಕೊನೆಗೆ, ಶೀರ್ಷಿಕೆ ಅದಕ್ಕೂ ಕೊನೆಗೆ. ಜಿಲ್ಲೆಯ ಚರಿತ್ರೆ, ಭೂಗೋಳ, ಜನಸಂಖ್ಯೆಗಳನ್ನು ತುಂಬಿದ ಇಪ್ಪತ್ತು ಪುಟಗಳ ಮೊದಲ ಅಧ್ಯಾಯ ಒಂದು ವಾಡಿಕೆಯಾಗಿಬಿಟ್ಟಿದೆ. ನಿಮ್ಮ ಪ್ರಶ್ನೆಗೆ ಬೇಕಾದಷ್ಟನ್ನು ಎರಡು ಪುಟದಲ್ಲಿ ಹೇಳಿ. ಊರಿನ ಶಬ್ದಗಳನ್ನು ಬಳಸಲು ಅಂಜಬೇಡಿ. ತೋಡು, ಪದವು, ಅಡ್ಕ, ಮದಕಗಳಿಗೆ ಬೆಂಗಳೂರಿನ ಪರ್ಯಾಯ ಹುಡುಕುವ ಅಗತ್ಯವಿಲ್ಲ. ನಿಮ್ಮ ಊಹೆಗೆ ಹೊಂದದ ಉತ್ತರ ಕೊಟ್ಟವರಿದ್ದರೆ ಅವರಿಗೊಂದು ಜಾಗ ಇರಲೇಬೇಕು; ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಹುಡುಕುವುದು ಅಂಥ ಪುಟವನ್ನೇ.

ಇತರರ ಮಾತಿಗೆ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಇರಲಿ. ಯುಜಿಸಿಯ 2018ರ ನಿಯಮ ಶೇ. 10ರವರೆಗಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ನಿಜ, ಆದರೆ ಅದು ಕದಿಯಲು ಕೊಟ್ಟ ಪರವಾನಗಿಯಲ್ಲ. ಟೈಪಿಂಗ್ ಆರಂಭದಿಂದಲೇ ಯೂನಿಕೋಡಿನಲ್ಲಿರಲಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತ ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರವಿಚಿತ್ರ ಗುರುತುಗಳಾಗಿ, ಸಲ್ಲಿಕೆಯ ಹಿಂದಿನ ರಾತ್ರಿ ಕಣ್ಣೀರು ಹಾಕಿದವರಿದ್ದಾರೆ. ಧ್ವನಿಮುದ್ರಣಗಳಿಗೆ ದಿನಾಂಕ, ಊರು, ಭಾಷೆ ಈ ಮೂರೂ ಇರುವ ಹೆಸರು ಕೊಟ್ಟು ಎರಡು ಕಡೆ ಉಳಿಸಿಡಿ. ಫೋನ್ ತೋಡಿಗೆ ಬೀಳುವ ಊರು ನಮ್ಮದು.

ಕೊನೆಯ ಕರಡು ಸಿದ್ಧವಾದ ಮೇಲೆ, ಬೈಂಡಿಂಗಿಗೆ ಕೊಡುವುದಕ್ಕೆ ಒಂದು ವಾರ ಮೊದಲು, ಮಾತು ಕೊಟ್ಟವರ ಮನೆಗೆ ಮತ್ತೊಮ್ಮೆ ಹೋಗಿ ಅವರ ಮಾತು ಬಂದಿರುವ ಪುಟಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಿ. ಕೆಲವರು ನಕ್ಕು ಸುಮ್ಮನಾಗುತ್ತಾರೆ. ಕೆಲವರು ಒಂದು ಹೆಸರು ತೆಗೆಯಲು ಹೇಳುತ್ತಾರೆ, ತೆಗೆಯಿರಿ. ನಾನು ಹೀಗೆ ಹೇಳಲಿಲ್ಲ ಎಂದರೆ ಧ್ವನಿಯನ್ನು ಅವರಿಗೇ ಕೇಳಿಸಿ, ಇಬ್ಬರೂ ಕೂಡಿ ತಿದ್ದಿ. ಆ ಒಂದು ವಾರ ಇರುವುದು ಇದಕ್ಕೇ. ಅದನ್ನು ಮುಖಪುಟದ ಬಣ್ಣ ಆರಿಸುವುದರಲ್ಲಿ ಕಳೆಯಬೇಡಿ.